ಬ್ರೇಕಿಗೆ ಕೊಬ್ಬರಿ ಎಣ್ಣೆ

ಗುರುವಾರ, 13 ನವೆಂಬರ್ 2025, ಅಮೃತೂರು

ಬ್ರೇಕಿಗೆ ಎಣ್ಣೆ! ಇಡೀ ದಿನ ಇದೇ ತಲೆಯಲ್ಲಿ ಸುತ್ತುತ್ತಿದೆ. ನನ್ನ ಸೈಕಲ್ಲಿನ ಬ್ರೇಕು ಕಿರುಗುಟ್ಟುತ್ತದೆ ಎಂದು ನಿನ್ನೆ ಬಾಯಿಬಿಟ್ಟಿದ್ದೇ ತಪ್ಪಾಯಿತು. ನಮ್ಮ ಭಾವ, ಮಹಾಜ್ಞಾನಿ ಅನಂತರಾಜು, ಯಾರನ್ನೂ ಕೇಳದೆ ರಿಮ್ಮಿಗೂ ಬ್ರೇಕ್ ರಬ್ಬರಿಗೂ ಕೊಬ್ಬರಿ ಎಣ್ಣೆ ಸವರಿಟ್ಟಿದ್ದರು.

ಬೆಳಿಗ್ಗೆ ಮಗಳು ಬಿಂದುಶ್ರೀಯನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಹೊರಟೆ. ಕಾಲುವೆ ಇಳಿಜಾರಿನಲ್ಲಿ ಎಷ್ಟು ಒತ್ತಿದರೂ ಬ್ರೇಕು ಹಿಡಿಯಲಿಲ್ಲ. ಎದುರಿಗೆ ಬಸ್ಸು. ಸೈಕಲ್ಲನ್ನು ಬೇಲಿಗೆ ನುಗ್ಗಿಸಿದೆ. ಮಗುವಿನ ಮೊಣಕೈ ತರಚಿತು, ಪುಣ್ಯಕ್ಕೆ ಅಷ್ಟೇ.

ಮಗುವನ್ನು ಕರೆದುಕೊಂಡು, ಸೈಕಲ್ಲು ತಳ್ಳಿಕೊಂಡು ಮನೆಗೆ ವಾಪಸು ಬಂದರೆ ಭಾವ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ಸೌಂಡ್ ನಿಂತೋಯ್ತಲ್ವೇನಮ್ಮ? ನಿಂಗೆ ಬ್ರೇಕ್ ಹಿಡಿಯಾಕೆ ಬರಲ್ಲ, ಅಷ್ಟೇಯ."

"ಹಂಗಾದ್ರೆ ನೀವೇ ಒಂದ್ಸಲ ಆ ಇಳಿಜಾರು ಇಳ್ದು ಬನ್ನಿ ಭಾವ," ಅಂದೆ.

"ನಂಗೆ ಮಂಡಿ ನೋವು ಕಣಮ್ಮ."

ಇಳಿಜಾರು ಇಳಿಯಲು ಯಾವ ಮಂಡಿ ಬೇಕೋ! ಮಾಡಿದ್ದೇನೆಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತು. ಮಗುವಿನ ಕೈಯ ಕಡೆ ಒಮ್ಮೆಯೂ ನೋಡಲಿಲ್ಲ.

ಸಂಜೆ ಸೋಪಿನ ನೀರಿನಲ್ಲಿ ರಿಮ್ಮು ತೊಳೆದೆ. ಎಣ್ಣೆ ಕುಡಿದ ರಬ್ಬರು ಕಿತ್ತೆಸೆದು ಹೊಸದು ಹಾಕಿ, ಕೇಬಲ್ಲು ಬಿಗಿ ಮಾಡಿದೆ. ಒಬ್ಬಳೇ ಅದೇ ಇಳಿಜಾರು ಇಳಿದು ನೋಡಿದೆ. ಒತ್ತಿದ ಕಡೆ ನಿಂತಿತು. ಹೊಸ ರಬ್ಬರು ಒಂಚೂರು ಕಿರುಗುಟ್ಟಿತು, ಕಿರುಗುಟ್ಟಲಿ. ವಾಪಸು ಬಂದು ಮನೆ ಮುಂದೆ ಬ್ರೇಕು ಒತ್ತಿದಾಗ ಭಾವ ಗೇಟಿನಲ್ಲಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು:

"ಕೇಳುದ್ರಾ ಸೌಂಡು? ನಾನು ಸರಿ ಮಾಡಿದ್ದೆ. ಕೈಯಾಡ್ಸಿ ಕೆಡುಸ್ಬುಟ್ಳು."

ನಗು ಬಂತು. ಜಗಳವಾಡಬೇಕೆಂದರೂ ಎದುರಿಗೆ ಮನುಷ್ಯ ಅನ್ನಿಸಿಕೊಳ್ಳುವಂಥವರು ಇರಬೇಕಲ್ಲ. ಸಾಕು, ಕೈ ನೋಯುತ್ತಿದೆ, ಇಂಥವರ ಬಗ್ಗೆ ಇನ್ನೂ ಬರೆಯುತ್ತಾ ಕೂತರೆ...