ಹೋಗ್ತೀರೇನು?

೧೧ ಜನವರಿ ೧೯೮೮

ಮತ್ತೆ ಅದೇ ಬಸ್ಸು. ಕಾಲೇಜಿನಲ್ಲಿ ಗಣಿತದ ಪಾಠ ಮುಗಿಸಿ ಬಾಗಲಕೋಟೆಯಿಂದ ಇಳಕಲ್ಲಿಗೆ. ಅಮೀನಗಡದಲ್ಲಿ ಕಂಡಕ್ಟರ್ ಕರದಂಟು ಕಟ್ಟಿಸಿಕೊಳ್ಳುವವರೆಗೆ ಎಲ್ಲರೂ ಕಾಯಬೇಕು. ಯಾರೂ ಬೈಯುವುದಿಲ್ಲ. ತೊಡೆಯ ಮೇಲೆ ಫ್ಲಾಪಿಗಳ ಲಕೋಟೆ. ಎಕ್ಸ್‌ರೇ ಏನ್ರಿ ಎಂದ ಪಕ್ಕದವ. ಹೌದು ಅಂದೆ. ಯಾರದು ಎಂದು ಕೇಳಲಿಲ್ಲ, ಪುಣ್ಯ.

ನೇಕಾರರ ಸೊಸೈಟಿ ಕಂಪ್ಯೂಟರ್ ತಂದಿದೆ. ಪ್ರೋಗ್ರಾಮು ನನ್ನದು. ಯಾರು ನೂಲು ಒಯ್ದರು, ಯಾರು ಸೀರೆ ನೇಯ್ದು ತಂದರು — ಅಷ್ಟೇ. ಪರದೆಗೆ ಕನ್ನಡ ಲಿಪಿ ಬಾರದು. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದೇನೆ. ಅಧ್ಯಕ್ಷ ರಾಚಪ್ಪನವರಿಗೆ ಹಿಡಿಸಿಲ್ಲ.

"ಇಷ್ಟ್ ದೊಡ್ಡ ಮಿಷೀನು. ಸಂತ್ಯಾಗಿನ ಮಾತು ಆಡ್ತೈತಲ್ರಿ ಬಸಯ್ಯ ಸರ್?"

"ಸಂತ್ಯಾಗ ಯಾರಿಗೂ ಅರ್ಥ ಹೇಳಬೇಕಾಗೂದಿಲ್ರಿ" ಅಂದೆ.

ಶಹರಬಾನು ಕೆಮ್ಮಿದಂತೆ ಮಾಡಿ ನಕ್ಕಳು. ಆಪರೇಟರ್. ಎಸ್ಸೆಸ್ಸೆಲ್ಸಿ, ಟೈಪಿಂಗ್. ಕೆಲಸ ಸದ್ಯಕ್ಕೆ ತಾತ್ಕಾಲಿಕ. ಮಾರ್ಚಿನ ಸಭೆಯಲ್ಲಿ ಖಾಯಂ ಮಾಡಿಸುವುದು, ಬಿಡುವುದು ರಾಚಪ್ಪನವರ ಕೈಯಲ್ಲಿ. ಆದರೂ ನಕ್ಕಳು.

೧೩ ಜನವರಿ

ಸೀರೆ ನಮೂದಿಸಿದ ಮೇಲೆ ಯಂತ್ರ ಒಂದಿಷ್ಟು ಹೊತ್ತು ಸುಮ್ಮನಿರುತ್ತದೆ. ಕೆಲಸ ನಡೆದೇ ಇರುತ್ತದೆ, ಆದರೆ ಹೇಳುವುದಿಲ್ಲ. ಶಹರಬಾನು ಮತ್ತೆ ಒತ್ತುತ್ತಾಳೆ. ಮತ್ತೆ. ನೇಕಾರ ಗಾಳೆಪ್ಪನ ಒಂದು ಸೀರೆ ಮೂರಾಯಿತು.

"ಭಾಳ ಚಲೋ ಮಿಷೀನು ತಗೀ ಯವ್ವಾ" ಅಂದ ಗಾಳೆಪ್ಪ. "ನಮ್ಮ ಮಗ್ಗಕ್ಕ ಒಂಚೂರು ಕಲಿಸಾಕ ಹೇಳು."

ಅವಳು ನನ್ನತ್ತ ತಿರುಗಿದಳು. "ಕರದ್ರ ಓ ಅನಬೇಕ್ರಿ ಸರ್. ನಮ್ಮ ಮಾವನೂ ಹಿಂಗ. ಓ ಅನ್ನೂದಿಲ್ಲ. ಮತ್ತ ಕರದ್ರ ಕಿವಿ ಕೇಳ್ತಾವ ಅಂತ ಬೈತಾನ."

ಒಂದು ಪದ ಸೇರಿಸಿದೆ. ಗುಂಡಿ ಒತ್ತಿದ ಕೂಡಲೇ ಪರದೆ ಹೇಳುತ್ತದೆ — ತಡೀರಿ. ಅವಳು ತಡೆಯುತ್ತಾಳೆ. ಯಂತ್ರದ ವೇಗ ಎಳ್ಳಷ್ಟೂ ಹೆಚ್ಚಿಲ್ಲ.

ಮೌನ ಎಂದರೆ ಒಪ್ಪಿಗೆಯೂ ಆದೀತು, ಗೈರುಹಾಜರಿಯೂ ಆದೀತು. ಎದುರಿಗಿದ್ದವರು ತಮಗೆ ತಿಳಿದಂತೆ ಓದಿಕೊಳ್ಳುತ್ತಾರೆ. ನಾನೂ ಮಾತು ಕಡಿಮೆ ಆಡುವವನು.

೨೫ ಜನವರಿ

ಕಾಲೇಜಿನಲ್ಲಿ ಪರೀಕ್ಷೆ. ಕಳೆದ ವಾರ ಇಳಕಲ್ಲಿಗೆ ಹೋಗಿರಲಿಲ್ಲ. ಇವತ್ತು ಹೋದರೆ ಮೆಟ್ಟಿಲ ಮೇಲೆಲ್ಲ ನೇಕಾರರು.

ಕಳೆದ ವಾರ ತುಂಬಿದ್ದು ಯಾವುದೂ ಇಲ್ಲ. ಸೀರೆಗಳು ಕಪಾಟಿನಲ್ಲಿವೆ; ತಂದವರ ಹೆಸರು ಯಂತ್ರದಲ್ಲಿಲ್ಲ.

"ನಾ ಸೀರಿ ಕೊಟ್ಟಿಲ್ಲಂತ" — ಗಾಳೆಪ್ಪ. "ಹಂಗಾದ್ರ ಕಪಾಟನ್ಯಾಗಿಂದು ತಾನ ನೇಯ್ಕೊಂಡು ಬಂತೇನ್ ಲೇ?"

ಎಲ್ಲರೂ ಶಹರಬಾನುವನ್ನು ನೋಡುತ್ತಿದ್ದರು. ಇಂದು ಅವಳು ನಗಲಿಲ್ಲ. "ತುಂಬೇನ್ರಿ. ಖುರಾನ್ ಮುಟ್ಟಿ ಹೇಳ್ತೇನಿ, ಎಲ್ಲಾ ತುಂಬೇನಿ."

ರಾಚಪ್ಪನವರು ನನ್ನನ್ನು ಒಳಗೆ ಕರೆದರು. "ಆಕಿಗೆ ಇಂಗ್ಲಿಷ್ ಬರೂದಿಲ್ಲ, ಅದಕ್ಕ ಹಿಂಗ. ನಮ್ಮ ಅಳಿಯನ ತಮ್ಮ ಹುಬ್ಬಳ್ಳ್ಯಾಗ ಕೋರ್ಸ್ ಮಾಡ್ಯಾನ. ಮಾರ್ಚಿಗೆ ಅವನ್ನ ಕುಂದರಸ್ತೇನಿ."

"ಪ್ರೋಗ್ರಾಮಿನ್ಯಾಗ ಇಂಗ್ಲಿಷ್ ಇಲ್ಲಲ್ರಿ."

"ಅದಕ್ಕ ಹಾಕ್ರಿ ಅಂತೇನಿ."

೨೭ ಜನವರಿ

ಅವಳ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತೆ. ಹೇಳಿಕೊಡಬಾರದು, ನೋಡಬೇಕು ಅಷ್ಟೇ — ಎಂದು ನನಗೆ ನಾನೇ ಹೇಳಿಕೊಂಡು. ಕಷ್ಟದ ಕೆಲಸ. ಮೇಷ್ಟರ ನಾಲಿಗೆ ತಾನಾಗಿ ಏಳುತ್ತದೆ.

ಎಲ್ಲ ಸರಿಯಾಗಿ ತುಂಬಿದಳು. ತಡೀರಿ ಅಂದಾಗ ತಡೆದಳು. ಕೊನೆಗೆ ಪರದೆ ಕೇಳಿತು: ಹೋಗ್ತೀರೇನು? ಹೌದು ಎನ್ನಲು ಎಚ್, ಇಲ್ಲ ಎನ್ನಲು ಐ. ಹೌದು ಎಂದರೆ ಮಾತ್ರ ಆ ದಿನದ ಕೆಲಸ ಫ್ಲಾಪಿಗೆ ಇಳಿಯುತ್ತದೆ. ಇಷ್ಟು ದಿನ ಸಂಜೆ ಈ ಗುಂಡಿ ಒತ್ತುತ್ತಿದ್ದವನು ನಾನು.

ಶಹರಬಾನು ಐ ಒತ್ತಿದಳು. ಸೆರಗು ತಲೆಯ ಮೇಲೆಳೆದುಕೊಂಡು ಗೋಡೆಯ ಸ್ವಿಚ್ಚಿಗೆ ಕೈ ಚಾಚಿದಳು.

"ತಡಿ! ಇಲ್ಲ ಅಂತ ಯಾಕ ಒತ್ತಿದಿ? ಮನಿಗಿ ಹೊಂಟಿಯಲ್ಲ?"

"ಹೊಂಟೇನ್ರಿ."

"ಮತ್ತ ಹೋಗ್ತೀರೇನು ಅಂತ ಕೇಳಿದ್ರ?"

ನನಗೇ ಏನೋ ಆಗಿದೆ ಎಂಬಂತೆ ನೋಡಿದಳು. "ಹೋಗ್ತೇನಿ ಅಂತ ಯಾರರ ಅಂತಾರೇನ್ರಿ ಸರ್, ದೀಪ ಹಚ್ಚೂ ಹೊತ್ತಿನ್ಯಾಗ? ನಾಳಿ ಬರಾಕ್ಯಲ್ಲ ನಾ?"

ಎದ್ದು ಕಿಟಕಿಯ ಹತ್ತಿರ ಹೋದೆ. ಇಂಗ್ಲಿಷಿನ ಎಕ್ಸಿಟ್ ಅನ್ನು ನಿಘಂಟಿನಂತೆ ಕನ್ನಡಕ್ಕೆ ತಂದಿದ್ದೆ. ಈ ಕಡೆ ಯಾರೂ ಹೋಗುವುದಿಲ್ಲ — ಬರ್ತೇನಿ ಎಂದು ಎದ್ದು ಹೋಗುತ್ತಾರೆ. ದೀಪ ಆರಿಸುತ್ತೇನೆ ಎಂದೂ ಯಾರೂ ಅನ್ನುವುದಿಲ್ಲ, ದೊಡ್ಡದು ಮಾಡುತ್ತೇನೆ ಅನ್ನುತ್ತಾರೆ. ಇದೆಲ್ಲ ನನಗೆ ಗೊತ್ತು. ನಂಬುವುದಿಲ್ಲ, ಅಷ್ಟೇ. ಆದರೆ ಗುಂಡಿ ಒತ್ತುವವಳು ಅವಳು, ನಾನಲ್ಲ.

೨೮ ಜನವರಿ

ಬಾದಾಮಿ ಸ್ಟೇಷನ್, ೧೯೭೯. ನನ್ನ ಹೆಂಡತಿ ಸಾವಿತ್ರಿ ಟ್ರಂಕನ್ನು ತಾನೇ ಎತ್ತಿಟ್ಟುಕೊಂಡಳು. "ನಾ ಹೋಗ್ತೇನ್ರಿ" ಅಂದಳು. ಬರ್ತೇನಿ ಅನ್ನಲಿಲ್ಲ. ರೈಲು ಹೊರಟಿತು. ಈಗ ಧಾರವಾಡದ ಶಾಲೆಯೊಂದರಲ್ಲಿ ಮೇಡಂ. ಚೆನ್ನಾಗಿದ್ದಾಳಂತೆ.

ಆ ಪದವನ್ನು ನಿಖರವಾಗಿ ಬಳಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮತ್ತೆ ಬರುವವರಿಗೆ ಒಂದು ಪದ, ಬಾರದವರಿಗೆ ಇನ್ನೊಂದು. ಎರಡಕ್ಕೂ ಒಂದೇ ಗುಂಡಿ ಇಟ್ಟವನು ದಡ್ಡ, ಎಷ್ಟೇ ಇಂಗ್ಲಿಷ್ ಬರಲಿ.

೨೯ ಜನವರಿ

ಪ್ರಶ್ನೆಯನ್ನೇ ತೆಗೆದು ಹಾಕಿದೆ. ಪರದೆಯ ಕೆಳಗೆ ಒಂದು ಸಾಲು: ಬರ್ತೇನಿ — ಬಿ. ಒತ್ತಿದರೆ ದಿನದ ಕೆಲಸವೆಲ್ಲ ಇಳಿಯುತ್ತದೆ. ಅಳಿಸುವುದಕ್ಕೆ ಬೇರೆ ಗುಂಡಿ, ಮೂಲೆಯಲ್ಲಿ, ಕೈ ತಾಗದ ಕಡೆ.

ಶಹರಬಾನು ಬಿ ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಳು. "ಎಲ್ಲಿಂದ ತಂದಿ?" ಅಂದೆ. "ನೀವು ಕೇಳಬ್ಯಾಡ್ರಿ, ನಾ ಹೇಳೂದಿಲ್ಲ" ಅಂದಳು.

೨೦ ಫೆಬ್ರವರಿ

ಬರೆಯುವಂಥದ್ದೇನೂ ಇರಲಿಲ್ಲ. ಒಂದು ಸೀರೆಯೂ ಕಳೆದಿಲ್ಲ. ಗಾಳೆಪ್ಪ ಸಂಜೆ ಬೇಕೆಂದೇ ನಿಲ್ಲುತ್ತಾನೆ. "ಏನವಾ, ಬರ್ತೇನಿ ಅಂತೇನು ನಿನ್ನ ಮಿಷೀನು? ಹೋಗಿ ಬಾ ಅನ್ನು."

ಇವತ್ತು ರಾಚಪ್ಪನವರು ಬಾಗಿಲು ಹಾಕಿಕೊಂಡು ಮಾತಾಡಿದರು. ಬೆಂಗಳೂರಿನಿಂದ ಸಾಹೇಬರು ಬರುತ್ತಾರಂತೆ, ಕಂಪ್ಯೂಟರ್ ನೋಡಲು.

"ಬರ್ತೇನಿ ಅಂತ ಓದಿದ್ರ ನಗತಾರ್ರಿ. ಎಕ್ಸಿಟ್ ಹಾಕ್ರಿ. ಒಂದ ಶಬ್ದ. ನಮ್ಮ ಹುಬ್ಬಳ್ಳಿ ಹುಡುಗನೂ ಬರ್ತಾನ, ಎಲ್ಲಾ ಬರೋಬ್ಬರಿ ಆಗತೈತಿ."

"ಹಾಕೂದಿಲ್ರಿ."

"ಯಾಕ?"

"ಆ ಶಬ್ದ ಹಾಕಿದ್ರ ಆಕಿ ಹೊರಗ. ಹಾಕದಿದ್ರ ಆಕೀನ ತಗ್ಯಾಕ ನಿಮಗ ನೆವ ಇಲ್ಲ."

ಇಷ್ಟು ನೇರವಾಗಿ ನಾನು ಯಾರೊಡನೆಯೂ ಮಾತಾಡಿದವನಲ್ಲ. ಹೊರಗೆ ಬಂದೆ. ಮೂಲ ಪ್ರೋಗ್ರಾಮಿನ ಫ್ಲಾಪಿ ಚೀಲದಲ್ಲಿದೆಯೋ ಎಂದು ನೋಡಿಕೊಂಡೆ. ಇತ್ತು. ಅದಿಲ್ಲದೆ ಒಂದು ಅಕ್ಷರವೂ ಬದಲಾಗದು.

೧ ಮಾರ್ಚ್

ಸೊಸೈಟಿಯ ಸಭೆ. ಅಳಿಯನ ತಮ್ಮ ಬಂದಿದ್ದ — ಟೈ ಕಟ್ಟಿಕೊಂಡು. ರಾಚಪ್ಪನವರು ಇಂಗ್ಲಿಷಿನ ಮಹತ್ವ ವಿವರಿಸಿದರು. ಶಹರಬಾನು ಗೋಡೆಗೆ ಒರಗಿ ನಿಂತಿದ್ದಳು. ಮುಖ ಸುಣ್ಣ.

ಗಾಳೆಪ್ಪ ಎದ್ದ. "ನಾವೇನು ಇಂಗ್ಲಿಷಿನ್ಯಾಗ ನೇಯ್ತೇವೇನ್ರಿ ಅಧ್ಯಕ್ಷರ? ಸಾಹೇಬ್ರು ನಗಲಿ. ನಕ್ಕು ಹೋಗ್ತಾರ. ಅಲ್ಲ — ನಕ್ಕು ಬರ್ತೇನಿ ಅಂತಾರ!"

ಸಭೆ ಬಿದ್ದುಬಿದ್ದು ನಕ್ಕಿತು. ನಗು ನಿಲ್ಲುವ ಮೊದಲೇ ಅವಳ ಪರವಾಗಿ ಕೈಗಳು ಮೇಲೆದ್ದವು. ಶಹರಬಾನು ಖಾಯಂ.

ರಾಚಪ್ಪನವರು ಟೋಪಿ ಸರಿಮಾಡಿಕೊಂಡು ನನ್ನತ್ತ ನೋಡಿದರು. "ಆತು. ಆಕಿ ಇರ್ಲಿ. ನೀವು ಮಾತ್ರ ನಾಳೆ ಕಂಪ್ಯೂಟರ್ ಖೋಲಿ ಕೀಲಿ ಕೊಟ್ಟು, ಮತ್ತ ಈ ಮೆಟ್ಟಲ ಏರಬ್ಯಾಡ್ರಿ."

೨ ಮಾರ್ಚ್. ಸಂಜೆ

ಕೀಲಿ ಮೇಜಿನ ಮೇಲಿಟ್ಟೆ. ರಾಚಪ್ಪನವರು ತಲೆ ಎತ್ತಲಿಲ್ಲ. ಶಹರಬಾನು ಕೊನೆಯ ಸೀರೆ ತುಂಬುತ್ತಿದ್ದಳು. ಹೊಸ್ತಿಲ ಮೇಲೆ ನಿಂತೆ. ಇಂಥ ಸಮಯಕ್ಕೆ ನಿಖರವಾದ ಪದ ನನಗೆ ಗೊತ್ತು. ಸ್ಟೇಷನ್ನಿನಲ್ಲಿ ಕಲಿತದ್ದು. ಅದನ್ನು ಅನ್ನಲಿಲ್ಲ.

"ಬರ್ತೇನ್ರಿ, ರಾಚಪ್ಪನವರ" ಅಂದೆ.

ಈಗ ತಲೆ ಎತ್ತಿದರು. "ಬರಬ್ಯಾಡ ಅಂದೇನಲ್ರಿ!"

"ಕೇಳೇನ್ರಿ. ಬರ್ತೇನಿ."

ಶಹರಬಾನು ನನ್ನನ್ನು ನೋಡಲಿಲ್ಲ. ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟು ಒತ್ತಿದಳು. ಪರದೆಯ ಮೇಲೆ ಹಸಿರಾಗಿ ಮೂಡಿತು — ತಡೀರಿ.

ತಡೆದೆ. ಫ್ಲಾಪಿಯ ಪುಟ್ಟ ದೀಪ ದೊಡ್ಡದಾಗುವವರೆಗೆ ಅಲ್ಲೇ ನಿಂತೆ, ಹೊಸ್ತಿಲ ಈಚೆ. ರಾಚಪ್ಪನವರು ನೋಡುತ್ತಲೇ ಇದ್ದರು. ನಾನೂ. ಮೂಲ ಫ್ಲಾಪಿ ನನ್ನ ಚೀಲದಲ್ಲೇ ಇತ್ತು.