ದೀಪಾವಳಿ ಕಳೀಲಿ

೨೬ ಅಕ್ಟೋಬರ್ ೨೦೨೩, ಗುರುವಾರ

ಸಣ್ಣಯ್ಯ ಇವತ್ತೂ ಬಂದಿದ್ದರು, ಮೂಸಂಬಿ ಚೀಲ ಹಿಡಿದುಕೊಂಡು. ಮೇ ಮೊದಲ ವಾರ ಅವರ ಜೀಪು ಗುದ್ದಿ ನಮ್ಮ ಯಜಮಾನರ ಕಾಲು ಮುರಿದಾಗಿನಿಂದ ಒಂದು ವಾರವೂ ತಪ್ಪಿಸಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವವರೂ ಅವರೇ. ಊರೆಲ್ಲ ಹೊಗಳುತ್ತದೆ. ನನಗೆ ಮಾತ್ರ ಆ ಹಣ್ಣು ಗಂಟಲಲ್ಲಿ ಇಳಿಯುವುದಿಲ್ಲ.

"ಕೋರ್ಟು ಗೀರ್ಟು ಯಾಕವ್ವ? ದೀಪಾವಳಿ ಕಳೀಲಿ, ಕೂತು ಮಾತಾಡವ," ಅಂದರು. ಮೊದಲು ಗೌರಿಹಬ್ಬ ಕಳೆಯಲಿ ಅಂದಿದ್ದರು, ಆಮೇಲೆ ದಸರಾ.

ಹುಣಸೂರಿನ ಲಾಯರ್ ಪದ್ಮಶ್ರೀ ಮೊನ್ನೆ ಹೇಳಿದ್ದು ಬೇರೆ. ಅಪಘಾತವಾದ ಆರು ತಿಂಗಳೊಳಗೆ ಪರಿಹಾರಕ್ಕೆ ಅರ್ಜಿ ಹಾಕಬೇಕಂತೆ. ಅಂದರೆ ದೀಪಾವಳಿಗೆ ಮೊದಲೇ ಗಡುವು ಮುಗಿಯುತ್ತದೆ. ಇದು ಸಣ್ಣಯ್ಯನವರಿಗೆ ಗೊತ್ತೋ, ಗೊತ್ತಿಲ್ಲವೋ?

ತಡೆಯಲಾರದೆ ಕೇಳಿಯೇಬಿಟ್ಟೆ. "ಜೀಪಿಗೆ ಇನ್ಶೂರೆನ್ಸ್ ಐತಲ್ವಾ ಸಣ್ಣಯ್ಯನವ್ರೇ? ಕೇಸ್ ಹಾಕುದ್ರೆ ಕಂಪನಿಯವ್ರು ಕೊಡ್ತಾರೆ. ನಿಮಗೇನು ತೊಂದ್ರೆ?"

ಅವರು ಯಜಮಾನರ ಕಡೆ ತಿರುಗಿ, "ಈ ಸಲ ಹೊಗೆಸೊಪ್ಪಿನ ರೇಟು ಎಂಗೈತೆ ಚಲುವರಾಜು?" ಅಂದರು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಯಜಮಾನರು ಬೈಯುತ್ತಾರೆ ಅಂದುಕೊಂಡೆ. "ಅವನು ದೇವ್ರಂಥೋನು ಕಣೆ" ಎಂದು ನಿತ್ಯ ಅನ್ನುವವರು ಅವರು. ಬೈಯಲಿಲ್ಲ. ಮಲಗುವ ಮುಂಚೆ ಗೋಡೆ ನೋಡುತ್ತಾ ಕೇಳಿದರು, "ಈ ಕಾಲಲ್ಲಿ ಬೆಳಿಗ್ಗೆ ಹುಣಸೂರು ಬಸ್ ಹತ್ತಕ್ಕಾಯ್ತದಾ ನಂಗೆ?"

ಆಗುತ್ತದೆ, ನಾನು ಹಿಡಿದುಕೊಳ್ಳುತ್ತೇನೆ ಅಂದೆ. ಆದರೂ ನಿದ್ದೆ ಬರುತ್ತಿಲ್ಲ. ಸಣ್ಣಯ್ಯ ನಿಜವಾಗಿಯೂ ಒಳ್ಳೆಯವರೇ ಆಗಿದ್ದರೆ...