ದೋಣಿಯಲ್ಲಿ ಎರಡು ಸೀಟು

೨೩ ಜನವರಿ ೧೯೯೯, ಶನಿವಾರ. ಭದ್ರಾವತಿ.

ಎಸ್‌ಟಿಡಿ ಬೂತಿನಲ್ಲಿ ಆಡಿದ ಮಾತು ಇನ್ನೂ ಕೊರೀತಾ ಇದೆ.

ಫೆಬ್ರವರಿಯ ಮೀನು ಹಿಡಿಯೋ ಟೂರಿನ ಪ್ಲಾನು ಮುಗೀತು. ಮಲ್ಪೆಯಲ್ಲಿ ಮೂರು ದಿನ, ಆಮೇಲೆ ಆ ಕಡೆಯ ಕಡಲು, ತಮಿಳುನಾಡಿನ ಪಾಂಬನ್ನಿನಲ್ಲಿ ಮೂರು ದಿನ. ಎರಡೂ ಕಡೆ ಸೆಲ್ವರಾಜನೇ ಗೈಡು. ಫೌಂಡ್ರಿಯಲ್ಲಿ ನನ್ನ ಜೊತೆ ಇಪ್ಪತ್ತು ವರ್ಷ ಇದ್ದವನು. "ಎಷ್ಟು ಜನ ಸಾರ್?" ಅಂದ. "ಇಬ್ಬರು" ಅಂದುಬಿಟ್ಟೆ.

ನನ್ನವಳು ಹೂವಮ್ಮ ಹೋಗಿ ಹದಿನಾಲ್ಕು ತಿಂಗಳು. ಅವಳ ಮಣ್ಣಿಗೆ ಸೆಲ್ವರಾಜನೂ ಬಂದಿದ್ದ. ಆದರೂ "ಸರಿ ಸಾರ್, ಎರಡು ಸೀಟ್ ಇಡ್ತೀನಿ" ಅಂದ.

ಇಂಥ ಮರೆವಿಗೆ ಆಬ್ಸೆಂಟ್ ಮೈಂಡೆಡ್ ಅನ್ನೋರು ನಮ್ಮ ಇಂಗ್ಲಿಷ್ ಲೆಕ್ಚರರು. ಅಥವಾ ಬೇರೆ ಏನೋ ಪದ ಇತ್ತು. ಭದ್ರಾ ಚಾನಲ್ ದಂಡೆಯಲ್ಲಿ ಮೂವತ್ತು ವರ್ಷ ಗಾಳ ಹಾಕಿದ್ದು ನಾನು, ಹೂವಮ್ಮ ಇಬ್ಬರೇ. ಎರೆಹುಳ ಸಿಕ್ಕಿಸೋದು ಅವಳ ಕೆಲಸ, ನನಗೆ ಮುಟ್ಟಿದರೆ ಮೈ ಜುಂ ಅನ್ನುತ್ತೆ. "ಕಾದ ಕಬ್ಬಿಣಕ್ಕೆ ಹೆದರಲ್ಲ, ಹುಳಕ್ಕೆ ಹೆದರ್ತೀರಲ್ಲ ಮಾರಾಯ್ರೆ" ಅಂತ ನಗೋಳು. ಸಮುದ್ರ ನೋಡಲೇ ಇಲ್ಲ. ಈ ಟೂರು ಅವಳದೇ ಆಸೆ.

ಪಕ್ಕದ ಕ್ವಾರ್ಟರ್ಸಿನ ಪರಶುರಾಮ ನಾನೂ ಬರ್ತೀನಿ ಅಂತಾನೆ. ಒಳ್ಳೆಯವನೇ. ಆದರೆ ನನ್ನ ಪಕ್ಕ ಅವನು ಕೂತು ಬೀಡಿ ಸೇದೋದನ್ನು ನೆನೆಸಿಕೊಂಡರೆ ಟೂರೇ ಬೇಡ ಅನ್ಸುತ್ತೆ.

ನಾಳೆ ಫೋನ್ ಮಾಡಿ, ನಾನೊಬ್ಬನೇ ಬರೋದು ಅಂತ ಹೇಳಬೇಕು. ಈಗ ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿದೆ.

ನಾಳೆ ಭಾನುವಾರ. ಬೂತು ತೆರೆದಿರುತ್ತೆ, ಗೊತ್ತು. ಆದರೂ ಸೋಮವಾರ ಮಾಡಿದರೆ ಇನ್ನೊಂದು ದಿನ ಎರಡು ಸೀಟು ಇರುತ್ತೆ.